ಬಾಗಿಲ ಶಿಲುಬೆಗಳ ಪುಡಿ

ನವೆಂಬರ್ ೧೧, ಸೋಮವಾರ. ಸಂತ ಮಾರ್ತಿನನ ದಿನ.

ಈ ಊರಿನ ಹಳೆಯ ನಿವಾಸಿಯೂ, ಗ್ರಾಮಭೂಮಿ ಸಮಿತಿಯ ನಿವೃತ್ತ ಕಾರ್ಯದರ್ಶಿಯೂ ಆದ ತಿಬುರ್ಸಿಯೊ ಅರೆಯಾನೊ ಎಂಬ ನಾನು, ಯಾವ ಕಚೇರಿಗೂ ಅಲ್ಲದೆ ನನಗೆ ನಾನೇ ಈ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಧರ್ಮಪತ್ನಿ ಅಂಪಾರೊ ಕಳೆದ ವಾರ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿರುವಳು. ಕ್ವಾವುತ್ಲಾ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆ ನೆರವೇರಿದೆ. ಕೋಲು ಹಿಡಿದು ನಡೆಯುವಂತಾಗುವವರೆಗೆ ಅಲ್ಲಿಯೇ ಮಗಳು ಒತಿಲಿಯಾಳ ಮನೆಯಲ್ಲಿ ಇರತಕ್ಕದ್ದೆಂದು ವೈದ್ಯರ ಆದೇಶ. ಈ ವಿಷಯದಲ್ಲಿ ನನ್ನ ತಕರಾರು ಏನೂ ಇಲ್ಲ.

ತಕರಾರು ಇರುವುದು ಬೇರೆಡೆ. ಅವಳನ್ನು ಹಲಗೆಯ ಮೇಲೆ ಮಲಗಿಸಿ ಲಾರಿಗೆ ಏರಿಸುತ್ತಿದ್ದಾಗ, ನೆರೆಹೊರೆಯವರೆಲ್ಲ ಕೇಳುವಂತೆ ಅವಳು ಆಡಿದ ಮಾತು ಇದು: "ಮುದುಕ, ಕೇಳಿಲ್ಲಿ. ಕಣಜದ ಜೋಳ ತಿನ್ನು, ಮಾರು, ಕೋಳಿಗೆ ಹಾಕು, ಏನಾದ್ರೂ ಮಾಡ್ಕೋ. ಬೀಜದ ಗುಡಾಣ ಮಾತ್ರ ಮುಟ್ಬೇಡ. ನಿಂದು ಬಿಸಿ ಕೈ."

ಕೋಪಿಷ್ಠರ ಕೈ ಬಿಸಿಯೆಂದೂ, ಅಂಥ ಕೈ ತಾಗಿದರೆ ಹಬೆಯಲ್ಲಿಟ್ಟ ತಮಾಲೆ ಕಡುಬು ಬೇಯದೆಂದೂ, ಬೀಜಕ್ಕೆ ನುಸಿ ಹಿಡಿಯುವುದೆಂದೂ ನಮ್ಮ ಹೆಂಗಸರ ನಂಬಿಕೆ. ನಾನು ಕೋಪಿಷ್ಠನಲ್ಲ, ನ್ಯಾಯಪಕ್ಷಪಾತಿ. ನೀರಿಗಾಗಿ, ಭೂಮಿಗಾಗಿ ಊರಿನವರು ರಾಜ್ಯಪಾಲರಿಗೆ ಸಲ್ಲಿಸುತ್ತಿದ್ದ ಅರ್ಜಿಗಳ ಪ್ರತಿ ತೆಗೆದು ತೆಗೆದು ಅಕ್ಷರ ಕಲಿತವನು ನಾನು. ಅಂಥ ಕೈಯನ್ನು ಒಂದು ಗುಡಾಣದಿಂದ ದೂರವಿಡುವುದು ಯಾವ ನ್ಯಾಯ?

ಸದರಿ ಗುಡಾಣದಲ್ಲಿರುವುದು ಅಗಲ ಕಾಳಿನ ಬಿಳಿ ಮೆಕ್ಕೆಜೋಳ. ಮದುವೆಯ ದಿನ ಅವಳ ತಾಯಿ ಶಾಲಿನ ತುದಿಗೆ ಕಟ್ಟಿ ಕಳುಹಿಸಿದ ತಳಿ. ಊರಿನ ಉಳಿದವರೆಲ್ಲ ಅಂಗಡಿಯ ಬೀಜಕ್ಕೆ ಒಗ್ಗಿರುವುದರಿಂದ ಈ ಕಾಳು ಈಗ ನಮ್ಮ ಮನೆಯಲ್ಲಿ ಮಾತ್ರ ಉಳಿದಿದೆ. ಮಳೆಗಾಲಕ್ಕೆ ಎದ್ದು ನಿಂತು ಇದನ್ನು ತಾನೇ ಬಿತ್ತುವೆನೆಂದು ಅವಳು ವೈದ್ಯರಿಗೆ ಹೇಳಿದ್ದಾಳಂತೆ.

ನ್ಯಾಯ ಪಾಲನೆಯಾಗಲಿ ಎಂದು ಕೋರುವ,
ತಿಬುರ್ಸಿಯೊ ಅರೆಯಾನೊ.

ನವೆಂಬರ್ ೧೭, ಭಾನುವಾರ

ದೊನ್ ಗೊಯೊ, ಅಂದರೆ ನಮ್ಮ ಜ್ವಾಲಾಮುಖಿ ಬೆಟ್ಟ, ನಿನ್ನೆ ಮುಂಜಾನೆಯಿಂದ ಕೆಮ್ಮುತ್ತಿದ್ದಾನೆ. ಅವನ ಬೂದಿ ಹೆಂಚಿನ ಮೇಲೆ, ಬಾವಿಯ ಕಟ್ಟೆಯ ಮೇಲೆ, ಕೋಳಿಗಳ ಬೆನ್ನಿನ ಮೇಲೆ. ನನ್ನ ಕಾಫಿಯ ಲೋಟದಲ್ಲಿಯೂ ಅದೇ.

ಮನೆಯ ಸ್ವಚ್ಛತೆ ಈಗ ನನ್ನ ಅಧೀನದಲ್ಲಿರುವುದರಿಂದ ತಪಾಸಣೆ ಕೈಗೊಂಡೆ. ಬೀಜದ ಗುಡಾಣದ ಬಾಯಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿದ್ದುದು ಕಂಡುಬಂತು. ಬಟ್ಟೆ ಬಿಚ್ಚಿ ನೋಡಲಾಗಿ, ಕಾಳಿನ ಮೇಲೆಲ್ಲ ಬೂದುಬಣ್ಣದ ಧೂಳು. ಬೂದಿ ಒಳಗೂ ನುಗ್ಗಿತ್ತು.

ಮುಟ್ಟಬಾರದೆಂಬ ಆಜ್ಞೆಯನ್ನು ನಾನು ಬಲ್ಲೆ. ಆದರೆ ಆಜ್ಞೆ ಹೊರಟಿದ್ದು ಬೂದಿ ಬೀಳುವುದಕ್ಕೆ ಮೊದಲು. ಸಂದರ್ಭ ಬದಲಾದಾಗ ಆಜ್ಞೆಯನ್ನು ಪುನರ್ವಿಮರ್ಶಿಸುವುದು ಹೊಣೆಗಾರಿಕೆಯುಳ್ಳವನ ಕರ್ತವ್ಯ. ಗುಡಾಣವನ್ನು ಬರಿದು ಮಾಡಿ, ಕಾಳನ್ನೆಲ್ಲ ಜರಡಿಯಾಡಿಸಿ, ಒಣಬಟ್ಟೆಯಿಂದ ಹಿಡಿಹಿಡಿಯಾಗಿ ಒರೆಸಿದೆ. ಬಂದ ಧೂಳನ್ನು ಸೀಬೆ ಮರದ ಬುಡಕ್ಕೆ ಸುರಿದೆ. ಕಾಳುಗಳು ಈಗ ಮಗುವಿನ ಹಲ್ಲಿನಂತೆ ಹೊಳೆಯುತ್ತಿವೆ. ಅಂಪಾರೊಳ ಕಾಲದಲ್ಲಿ ಅವು ಎಂದೂ ಹೀಗೆ ಹೊಳೆದದ್ದಿಲ್ಲ ಎಂಬುದನ್ನು ದಾಖಲೆಗಾಗಿ ನಮೂದಿಸುತ್ತೇನೆ.

ತಿಬುರ್ಸಿಯೊ ಅರೆಯಾನೊ.

ನವೆಂಬರ್ ೩೦, ಶನಿವಾರ

ಅಂಗಡಿಯ ದೂರವಾಣಿಗೆ ಒತಿಲಿಯಾ ಕರೆ ಮಾಡಿ ತಾಯಿಗೆ ಕೊಟ್ಟಳು.

"ಜೋಳ ಹೆಂಗಿದೆ?"

"ಸುಸ್ಥಿತಿಯಲ್ಲಿದೆ."

"ಸುಸ್ಥಿತಿ ಅಂದ್ರೆ? ತಣ್ಣಗಿದೆಯಾ? ಹುಳ ಬಿದ್ರೆ ಕಾಳು ಬೆಚ್ಚಗಾಗತ್ತೆ."

"ಮುಟ್ಟಬಾರದೆಂದು ನೀನೇ ಅಪ್ಪಣೆ ಮಾಡಿದ್ದಲ್ಲವೇ?"

"ಅದೂ ಸರಿ. ನೀನ್ ಹೆಂಗಿದೀಯಾ, ಮುದುಕ?"

ನನ್ನ ಕ್ಷೇಮ ವಿಚಾರಿಸಿದ್ದು ಎರಡನೆಯದಾಗಿ. ಅವಳ ಧ್ವನಿ ತೆಳ್ಳಗಾಗಿದೆ. ಗೋಡೆ ಹಿಡಿದು ಕಿಟಕಿಯವರೆಗೆ ನಡೆದಳಂತೆ.

ಗುಡಾಣದ ಸ್ವಚ್ಛತೆಯ ವಿಚಾರ ಪ್ರಸ್ತಾಪಿಸಲಿಲ್ಲ. ಮರಳಿ ಬಂದಾಗ ತಾನಾಗಿಯೇ ನೋಡಿ ಬೆರಗಾಗಲಿ.

ಕೋಳಿಗಳು ಕೆದಕುವುದನ್ನು ಬಿಟ್ಟು ಇಡೀ ದಿನ ಸೀಬೆ ಮರದ ಬುಡದಲ್ಲಿ ಹೊರಳಾಡುತ್ತವೆ, ಆ ಜಾಗಕ್ಕಾಗಿ ಒಂದನ್ನೊಂದು ಕುಕ್ಕುತ್ತವೆ. ಯಜಮಾನಿಯಿಲ್ಲದ ಮನೆಯಲ್ಲಿ ಶಿಸ್ತು ಹೀಗೆಯೇ.

ತಿ. ಅರೆಯಾನೊ.

ಡಿಸೆಂಬರ್ ೧೯, ಗುರುವಾರ

ಗುಡಾಣದ ಹೊರಮೈಗೆ ಕೈ ಇಟ್ಟೆ. ಬೆಚ್ಚಗಿತ್ತು.

ಬಟ್ಟೆ ಬಿಚ್ಚಿದೆ. ನುಸಿ. ಸೊಂಡಿಲಿನ ಕಪ್ಪು ಹುಳುಗಳು ಕಾಳಿನ ಸಂದಿಯಲ್ಲೆಲ್ಲ. ಕಾಳುಗಳಲ್ಲಿ ಸೂಜಿ ಚುಚ್ಚಿದಂತೆ ತೂತು. ಹಿಡಿ ತುಂಬಿ ಎತ್ತಿದರೆ ಬೆರಳ ಸಂದಿಯಿಂದ ಹಿಟ್ಟು ಸುರಿಯಿತು.

ಬೇರೇನೂ ಬರೆಯಲಾರೆ.

ಡಿಸೆಂಬರ್ ೨೦, ಶುಕ್ರವಾರ

ಹೆರ್ಮಿಲಾ ಬಂದಿದ್ದಳು. ಒತಿಲಿಯಾಳ ಜ್ಞಾನಸ್ನಾನದಲ್ಲಿ ಎರಡನೆಯ ತಾಯಾಗಿ ನಿಂತವಳು. ಅಂದಿನಿಂದ ನಾನು ಅವಳಿಗೆ ಕೊಂಪಾದ್ರೆ, ಅಂಪಾರೊ ಅವಳಿಗೆ ಕೊಮಾದ್ರೆ, ಅವಳು ನಮ್ಮಿಬ್ಬರಿಗೂ ಕೊಮಾದ್ರೆ. ಬೇಲಿಯಾಚೆಯ ಮನೆ. ಅವಳ ನಾಲಿಗೆಗೆ ಬೇಲಿಯಿಲ್ಲ.

"ಏನ್ ಕೊಂಪಾದ್ರೆ, ಸಾವಿನ ಮನೇಲಿ ಕೂತಂಗೆ ಕೂತಿದೀರಿ? ಒಲೆ ಸೈತ ಹಚ್ಚಿಲ್ಲ!"

ನಾನು ಗುಡಾಣದ ಕಡೆ ಕೈ ತೋರಿಸಿದೆ. ಅವಳು ಬಗ್ಗಿ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡಳು.

"ಏನ್ ಮಾಡಿದ್ರಿ ಇದಕ್ಕೆ?"

"ಏನೂ ಮಾಡಲಿಲ್ಲ. ಶುಚಿಗೊಳಿಸಿದೆ."

"ಅಯ್ಯೋ ದೇವ್ರೇ! ಗಂಡಸ್ರು ಶುಚಿ ಮಾಡಿದ್ರೆ ಹಿಂಗೇ ಆಗೋದು. ಏನಂತ ಶುಚಿ ಮಾಡಿದ್ರಿ?"

"ಕಾಳಿನ ಮೇಲೆ ಬೂದಿಯಿತ್ತು. ದೊನ್ ಗೊಯೊನ ಬೂದಿ."

"ಮೇಲಷ್ಟೇನಾ, ತಳದವರೆಗಾ?"

"ತಳದವರೆಗೂ."

"ಬಾಯಿ ಕಟ್ಟಿದ ಗುಡಾಣದ ತಳಕ್ಕೆ ದೊನ್ ಗೊಯೊ ಯಾವ ದಾರೀಲಿ ಹೋದ? ಏಣಿ ಹಾಕ್ಕೊಂಡು ಇಳಿದ್ನಾ?"

ಧೂಳನ್ನು ಎಲ್ಲಿ ಸುರಿದಿರೆಂದು ಕೇಳಿದಳು. ಸೀಬೆ ಮರದ ಬುಡದಿಂದ ಕೋಳಿಗಳನ್ನು ಅಟ್ಟಿ, ಅಳಿದುಳಿದ ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ಉಜ್ಜಿ ಮೂಸಿದಳು. ನನ್ನ ಮೂಗಿಗೂ ಹಿಡಿದಳು. ಮೊದಲು ಎಪಸೋತೆಯ ಘಾಟು. ಬೀನ್ಸ್ ಬೇಯಿಸುವಾಗ ಹಾಕುವ ಆ ಸೊಪ್ಪಿನ ವಾಸನೆ ಯಾರಿಗೆ ತಿಳಿಯದು! ಅದರ ಹಿಂದೆ ಸೋಂಪಿನಂಥ ತಂಪು ಕಂಪು. ಪೆರಿಕೋನ್ ಹೂವಿನದು.

"ಇದು ದೊನ್ ಗೊಯೊ ಅಲ್ಲ ಕೊಂಪಾದ್ರೆ," ಎಂದಳು ಹೆರ್ಮಿಲಾ. "ಇದು ನನ್ನ ಕೊಮಾದ್ರೆ ಅಂಪಾರೊ."

ಹೇನಿಲ್ಲದ ನುಣುಪು ಗರಿಗಳ ಕೋಳಿಗಳು ನಮ್ಮನ್ನು ದೂರುವಂತೆ ನೋಡುತ್ತಿದ್ದವು.

ನುಸಿ ತಡೆಯುವ ಆ ಪುಡಿಯಲ್ಲಿ ಯಾವುದು ಎಷ್ಟು ಎಂದು ಕೇಳಿದರೆ ಹೆರ್ಮಿಲಾಗೂ ತಿಳಿಯದು. "ಒಂದೊಂದು ಮನೇದು ಒಂದೊಂದು ಥರ. ನಾನು ಸುಣ್ಣದ ಪುಡಿ ಹಾಕ್ತೀನಿ, ಆದ್ರೂ ಅರ್ಧ ಕಾಳು ಹುಳಕ್ಕೇ ಹೋಗತ್ತೆ. ಅವಳನ್ನೇ ಕೇಳಿ."

ಕೇಳುವುದೆಂದರೆ ಹೇಳುವುದು. ಗೋಡೆ ಹಿಡಿದು ನಡೆಯುತ್ತಿರುವವಳಿಗೆ ಇದನ್ನು ಹೇಳಲಾರೆ. ಹೆರ್ಮಿಲಾಳೂ ಹೇಳಕೂಡದೆಂದು ಮಾತು ತೆಗೆದುಕೊಂಡೆ.

ಡಿಸೆಂಬರ್ ೨೨

ನಿನ್ನೆ, ಇಂದು ಎರಡು ದಿನವೂ ಜರಡಿ. ಜಗಲಿಯ ನೆರಳಿನಲ್ಲಿ ಚಾಪೆ ಹಾಸಿ ಕಾಳನ್ನು ತೆಳ್ಳಗೆ ಹರಡಿದೆ. ಬೆಳಕು ಕಂಡ ನುಸಿಗಳು ಸಾಲುಗಟ್ಟಿ ಅಂಗಳಕ್ಕೆ ಹೊರಟವು. ಅಲ್ಲಿ ಕೋಳಿಗಳು ಕಾದಿದ್ದವು. ತೂತು ಬಿದ್ದದ್ದನ್ನು ಬೇರೆ ಮಾಡಿದೆ. ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದುದರ ಒಳಗೂ ಮೊಟ್ಟೆಯಿರಬಹುದು, ಹೊರಗಿನಿಂದ ತಿಳಿಯುವುದಿಲ್ಲ.

ಎಪಸೋತೆ ಕಾಲುವೆಯ ದಂಡೆಯಲ್ಲಿ ಬೇಕಾದಷ್ಟಿದೆ. ಕಟ್ಟು ಕಟ್ಟಿ ತೊಲೆಗೆ ನೇತುಹಾಕಿದ್ದೇನೆ. ಪೆರಿಕೋನ್ ಸಿಗುವುದಿಲ್ಲ. ಅದು ಹೂ ಬಿಡುವುದು ಸೆಪ್ಟೆಂಬರ್ ಕೊನೆಗೆ, ಸಂತ ಮಿಗೇಲನ ಹಬ್ಬದ ಹೊತ್ತಿಗೆ. ಆ ಹಬ್ಬದ ಹಿಂದಿನ ದಿನ ಸೈತಾನ ಸಡಿಲಾಗಿ ಹೊಲಗಳಲ್ಲಿ ತಿರುಗುತ್ತಾನೆಂದು ಎಲ್ಲರೂ ಅದರ ಹಳದಿ ಹೂವಿನ ಶಿಲುಬೆ ಮಾಡಿ ಬಾಗಿಲಿಗೂ ಹೊಲದ ಮೂಲೆಗೂ ಕಟ್ಟುತ್ತಾರೆ. ಮುಂದಿನ ವರ್ಷದ ಹೊಸ ಶಿಲುಬೆ ಬರುವವರೆಗೂ ಅದು ಅಲ್ಲಿಯೇ ಒಣಗುತ್ತದೆ. ಅಂಪಾರೊ ಪ್ರತಿ ವರ್ಷ ಇಳಿಸಿದ ಹಳೆಯ ಶಿಲುಬೆಯನ್ನು ಏನು ಮಾಡುತ್ತಿದ್ದಳೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ನಮ್ಮ ಬಾಗಿಲಿನದನ್ನು ಇಳಿಸಿ ಪುಡಿ ಮಾಡಿದೆ. ಒಂದು ಹಿಡಿಯೂ ಆಗಲಿಲ್ಲ.

"ಊರಲ್ಲಿ ಬಾಗಿಲಿಗೇನು ಬರವಾ?" ಎಂದಳು ಹೆರ್ಮಿಲಾ. "ಕೇಳಿ ಇಸ್ಕೊಳ್ಳಿ."

ಊರಿನ ಸಮಸ್ತ ಗೃಹಸ್ಥರನ್ನು ಉದ್ದೇಶಿಸಿ ಒಂದು ಮನವಿಯನ್ನು ಸಿದ್ಧಪಡಿಸಿ ಅವಳಿಗೆ ಓದಿದೆ. ಪೂರ್ತಿ ಕೇಳಿ ಅವಳು ಹೇಳಿದ್ದು: "ಚೆಂದಾಗಿದೆ. ಇದನ್ನ ಅಂಟಿಸಿದ್ರೆ ಊರವರು ಓದಿ ಮುಗಿಸೋ ಹೊತ್ತಿಗೆ ನುಸಿ ಮರಿ, ಮೊಮ್ಮರಿ ಮಾಡಿರತ್ತೆ. ಹೋಗಿ ಬಾಗಿಲು ತಟ್ಟಿ, ಕೊಂಪಾದ್ರೆ."

ಡಿಸೆಂಬರ್ ೨೭

ಹಬ್ಬದ ಗದ್ದಲ ಮುಗಿಯಲೆಂದು ಕಾದೆ. ಕಾದದ್ದು ಅದಕ್ಕಾಗಿ ಮಾತ್ರ ಅಲ್ಲದಿರಬಹುದು.

ಮೊದಲ ಬಾಗಿಲಲ್ಲಿ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಆರಂಭಿಸಿದೆ. ಆ ಮನೆಯಾಕೆ ಚರ್ಚಿನ ವಂತಿಗೆಗೆ ಬಂದಿದ್ದೇನೆಂದು ತಿಳಿದು ಗಂಡ ಮನೆಯಲ್ಲಿಲ್ಲವೆಂದಳು. ಗಂಡ ಅವಳ ಹಿಂದೆಯೇ ಕೂತು ರೊಟ್ಟಿ ತಿನ್ನುತ್ತಿದ್ದ.

ಎರಡನೆಯ ಬಾಗಿಲಲ್ಲಿ ಗುಡಾಣದಿಂದಲೇ ಶುರುಮಾಡಿದೆ. ಬೂದಿಯೆಂದು ತಿಳಿದೆ, ಗುಡಿಸಿ ಹಾಕಿದೆ, ಹುಳ ಬಿತ್ತು, ಅಂಪಾರೊಗೆ ಗೊತ್ತಿಲ್ಲ. ಅವರು ನಕ್ಕರು. ನಗುತ್ತಲೇ ಕುರ್ಚಿ ತಂದು ಶಿಲುಬೆ ಇಳಿಸಿಕೊಟ್ಟರು. ಆಮೇಲಿನ ಬಾಗಿಲುಗಳಲ್ಲಿ ನಾನು ಬರುವ ಮೊದಲೇ ಕತೆ ಬಂದಿತ್ತು. "ದೊನ್ ತಿಬುರ್ಸಿಯೊ, ನಮ್ಮ ಅಡುಗೆಮನೇನೂ ಸ್ವಲ್ಪ ಶುಚಿ ಮಾಡ್ಕೊಡ್ತೀರಾ?" ಎಂದು ಒಬ್ಬಾಕೆ ಕೂಗಿದಳು.

ಮೇಲಿನ ಬೀದಿಯ ಹಣ್ಣುಹಣ್ಣು ಮುದುಕಿ ಕ್ವಿರಿನಾಳ ಬಾಗಿಲ ಮುಂದೆ ಮಾತ್ರ ನನಗೆ ಕೇಳಲು ಮನಸ್ಸಾಗಲಿಲ್ಲ. ಒಂಟಿ ಮನೆ. ಅವಳೇ ಕರೆದಳು.

"ತಗೊಳ್ಳಪ್ಪ ತಗೋ. ಸೈತಾನ ಬಂದ್ರೆ ಇಲ್ಲೇನ್ ಸಿಗತ್ತೆ ಅವನಿಗೆ? ಎರಡು ಹಲ್ಲು, ಒಂದು ಬೆಕ್ಕು. ಪಾಪ, ಅವನಿಗೇ ನಾನು ಕಾಫಿ ಕಾಸಿ ಕೊಡ್ಬೇಕಾಗತ್ತೆ."

ಚೀಲ ಅರ್ಧ ತುಂಬಿದೆ. ಸಾಲದು. ಮಸೆದೋನಿಯೊನ ಬಾಗಿಲು ದಾಟಿ ಬಂದೆ. ನೀರಿನ ಸರದಿಯ ವಿಷಯವಾಗಿ ನಾನು ಅವನ ಮೇಲೆ ಅರ್ಜಿಗಳನ್ನು ಬರೆದಿದ್ದೇನೆ. ಒಳ್ಳೆಯ ಅರ್ಜಿಗಳು.

ಡಿಸೆಂಬರ್ ೨೯

ಇಂದು ಗುಡಾಣ ಮತ್ತೆ ಬೆಚ್ಚಗಾಗಿತ್ತು. ಚೀಲ ತೆಗೆದುಕೊಂಡು ನೇರವಾಗಿ ಮಸೆದೋನಿಯೊನ ಮನೆಗೆ ಹೋದೆ. ಅವನು ಕತ್ತೆಗೆ ಜೀನು ಬಿಗಿಯುತ್ತಿದ್ದ. ತಿರುಗಿ ನೋಡಲಿಲ್ಲ.

"ಏನ್ ದೊನ್ ತಿಬುರ್ಸಿಯೊ, ಅರ್ಜಿ ಎಲ್ಲಿ?"

"ಅರ್ಜಿ ಇಲ್ಲ."

"ಮೊಹರು?"

"ಅದೂ ಇಲ್ಲ. ನಿಮ್ಮ ಬಾಗಿಲ ಶಿಲುಬೆ ಬೇಕಿತ್ತು. ಕೇಳೋಕೆ ಬಂದೆ."

ಕತ್ತೆಯ ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದು ಬಿಗಿದ. ಕತ್ತೆ ಉಸಿರು ಬಿಟ್ಟಿತು.

"ಅಂಪಾರೊ ಜೋಳಕ್ಕಾ?"

"ಹೂಂ."

"ನನ್ನ ಮದುವೇಲಿ ಆ ಜೋಳದ್ದೇ ಪೊಸೋಲೆ ಸಾರು ಬೇಯ್ಸಿದ್ದು. ಕಾಳು ಹೂ ಥರ ಅರಳಿತ್ತು. ಈಗಿನ ಜೋಳ ಎಷ್ಟು ಬೇಯ್ಸಿದ್ರೂ ಗೋಲಿ ಗೋಲಿನೇ." ಆಮೇಲೆ ನನ್ನ ಚೀಲದೊಳಗೆ ಇಣುಕಿದ. "ಬಾಗಿಲಿಂದು ಚಿಕ್ಕದು. ನಡೀರಿ ಹೊಲಕ್ಕೆ."

ಮಸೆದೋನಿಯೊ ಹೊಲದ ನಾಲ್ಕು ಮೂಲೆಗೂ ಆಳೆತ್ತರದ ಶಿಲುಬೆ ನೆಡುವವನು. ಒಂದೊಂದೂ ತೋಳು ತುಂಬ ಹೂ. ನಾಲ್ಕನ್ನೂ ಕಿತ್ತು ಕತ್ತೆಯ ಮೇಲೆ ಹೇರಿದ.

"ನಾಳೆ ಸೈತಾನ ನನ್ನ ಹೊಲಕ್ಕೆ ಬಂದ್ರೆ, ನೋಡ್ಕೊಳ್ಳಿ, ನಿಮ್ಮ ಮೇಲೆ ನಾನು ಅರ್ಜಿ ಬರೀತೀನಿ."

"ಬರೀರಿ. ನಾನೇ ತಿದ್ದಿ ಕೊಡ್ತೀನಿ."

ಅವನು ನಕ್ಕದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕೆಳಗಿನ ಎರಡು ಹಲ್ಲು ಬಿದ್ದುಹೋಗಿವೆ. ಯಾವಾಗ ಬಿದ್ದವೋ.

ಜನವರಿ ೩

ಅಂಪಾರೊಳ ಅರೆಯುವ ಕಲ್ಲಿನ ಮುಂದೆ ಮಂಡಿಯೂರಿ ಕೂತು ಒಣ ಎಪಸೋತೆ ಅರೆದೆ, ಪೆರಿಕೋನ್ ಅರೆದೆ. ಸೀನಿ ಸೀನಿ ಕಣ್ಣಲ್ಲಿ ನೀರು. ಈ ಕಲ್ಲಿನ ಮುಂದೆ ಮಂಡಿ ಇಷ್ಟು ನೋಯುತ್ತದೆಂದು ಅವಳು ಒಂದು ದಿನವೂ ದೂರು ಕೊಟ್ಟಿಲ್ಲ.

ಅಳತೆ ಗೊತ್ತಿಲ್ಲ. ಅವಳ ಪುಡಿಯ ವಾಸನೆ ಮೂಗಿನಲ್ಲಿತ್ತು. ಅದಕ್ಕೆ ಸಮೀಪ ಬರುವವರೆಗೆ ಇದಿಷ್ಟು ಅದಿಷ್ಟು ಸೇರಿಸಿದೆ. ಮತ್ತೊಮ್ಮೆ ಜರಡಿಯಾಡಿಸಿದ ಕಾಳಿಗೆ ಬೆರೆಸಲು ಕೈ ಹಾಕಿದಾಗ ಹೆರ್ಮಿಲಾ ಬೇಲಿಯಿಂದ ಕೂಗಿದಳು.

"ಉಸಿರು ಊದಿ ಕೊಂಪಾದ್ರೆ, ಮೊದಲು ಉಸಿರು ಊದಿ! ಕಾಳು ಹೆದರ್ಕೊಂಡಿರತ್ತೆ!"

ಇದು ಮೂಢನಂಬಿಕೆ. ಊದಿದೆ. ಎರಡು ಮಾತನ್ನೂ ಆಡಿದೆ, ಗಂಟಲು ಸರಿಪಡಿಸಿಕೊಳ್ಳಲೆಂದು. ಕಾಳುಗಳು ಮತ್ತೆ ಮೊದಲಿನಂತೆ ಕೊಳೆ ಕೊಳೆಯಾಗಿ ಕಾಣುತ್ತಿವೆ. ನೋಡಿ ಸಂತೋಷವಾಯಿತು.

ಜನವರಿ ೮

ಸತ್ತ ನುಸಿಗಳು! ಅಂಗೈಯಗಲ ಕಾಳು ಸರಿಸಿದರೆ ಕಾಲು ಮೇಲೆ ಮಾಡಿ ಬಿದ್ದಿವೆ. ಕಾಳಿನೊಳಗಿಂದ ಹೊಸದಾಗಿ ಹೊರಬಂದವೂ ಪುಡಿ ಮೆತ್ತಿಕೊಂಡು ಅಲ್ಲೇ ಒರಗಿವೆ. ಹೆರ್ಮಿಲಾಳನ್ನು ಕರೆದು ತೋರಿಸಿದೆ. ಮಸೆದೋನಿಯೊನನ್ನೂ ಕರೆದೆ, ದಾರಿಯಲ್ಲಿ ಹೋಗುತ್ತಿದ್ದ. ಮೂವರೂ ಗುಡಾಣದೊಳಗೆ ತಲೆ ಹಾಕಿ ನೋಡಿದೆವು, ಮೂವರೂ ಸೀನಿದೆವು.

ಗುಡಾಣ ತಣ್ಣಗಿದೆ.

ಜನವರಿ ೧೯

ಬದುಕಿದೆಯೋ ಇಲ್ಲವೋ ತಿಳಿಯಬೇಕಿತ್ತು. ಹೋದ ವಾರ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಿದ್ದೆ. ಇಂದು ಬಿಚ್ಚಿದೆ.

ಮೊಳೆತಿದೆ. ಎಲ್ಲವೂ ಅಲ್ಲ, ಆದರೆ ಹೆಚ್ಚಿನವು. ಬಿಳಿ ಮೊಳಕೆಗಳು, ಬಾಲ ಬಿಟ್ಟುಕೊಂಡು.

ಅಂಗಡಿಗೆ ಹೋಗಿ ನಾನೇ ಫೋನ್ ಮಾಡಿದೆ. ಅವಳು ಕೇಳುವ ಮೊದಲೇ ಹೇಳಿದೆ: ಬೂದಿ, ಜರಡಿ, ಸೀಬೆ ಮರ, ನುಸಿ, ಶಿಲುಬೆಗಳು, ಎಲ್ಲವನ್ನೂ. ಆ ಕಡೆಯಿಂದ ಏನೋ ಗೊಗ್ಗರು ಸದ್ದು. ಅಳುತ್ತಿದ್ದಾಳೆಂದುಕೊಂಡೆ.

"ಮುದುಕಿ, ಅಳಬೇಡ. ಅರ್ಧಕ್ಕಿಂತ ಜಾಸ್ತಿ ಉಳ್ದಿದೆ. ಮೊಳಕೆನೂ ಬಂದಿದೆ ಅಂದ್ನಲ್ಲ."

"ನಗಿಸ್ಬೇಡ ಕಣೋ, ಸೊಂಟ ನೋಯತ್ತೆ! ಒರೆಸಿದ್ಯಾ? ಬಟ್ಟೆ ತಗೊಂಡು ಒಂದೊಂದಾಗಿ ಒರೆಸಿದ್ಯಾ?"

"ಹಿಡಿ ಹಿಡಿಯಾಗಿ."

ಮತ್ತೆ ನಕ್ಕಳು. ಹಿಂದಿನಿಂದ ಒತಿಲಿಯಾ ಗಾಬರಿಯಾಗಿ ಏನಾಯಿತೆಂದು ಕೇಳುತ್ತಿದ್ದುದು ಕೇಳಿಸಿತು.

"ಯಾವುದು ಎಷ್ಟು ಹಾಕ್ಬೇಕು, ಅಂಪಾರೊ? ನಾನು ಮೂಗಿನ ಅಂದಾಜಲ್ಲಿ ಹಾಕ್ದೆ."

"ನಂದೂ ಅದೇ ಅಂದಾಜು. ನಿನ್ನ ಮೂಗು ನನ್ನ ಮೂಗಿಗಿಂತ ದೊಡ್ಡದಿದೆ, ಸರಿಯಾಗೇ ಹಾಕಿರ್ತೀಯ. ಆದ್ರೆ ಮುದುಕ, ಒಂದು ಮಾತು ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?"

"ನೀನು ನಡೀತಿದ್ದೆ. ನಿಲ್ಲಿಸಿಬಿಡ್ತೀಯೇನೋ ಅಂತ."

ಚರ್ಚಿನಲ್ಲಿ ಬೀಜಕ್ಕೆ ಆಶೀರ್ವಾದ ಮಾಡಿಸುವ ಕಾಂದೆಲಾರಿಯಾ ಹಬ್ಬಕ್ಕೆ ಮೊದಲು ಬರುತ್ತೇನೆಂದಳು.

ಫೆಬ್ರವರಿ ೨, ಕಾಂದೆಲಾರಿಯಾ

ನಿನ್ನೆ ಬಂದಳು. ಕೋಲಿನ ಮೇಲೆ ಒಂದು ಕೈ, ನನ್ನ ಮೇಲೆ ಇನ್ನೊಂದು. ಹೊಸಿಲಲ್ಲಿ ನಿಂತು ತಲೆಯೆತ್ತಿ ನೋಡಿದಳು.

"ನಮ್ಮ ಶಿಲುಬೆ?"

"ಜೋಳದೊಳಗಿದೆ. ಊರಿನವರದ್ದೆಲ್ಲ ಅಲ್ಲೇ ಇದೆ."

ಇಂದು ಬೆಳಿಗ್ಗೆ, ಆಶೀರ್ವಾದಕ್ಕೆ ಬೀಜ ಒಯ್ಯುವ ಬುಟ್ಟಿ ಹಿಡಿದು ಗುಡಾಣದ ಪಕ್ಕ ಕುರ್ಚಿಯಲ್ಲಿ ಕೂತಳು. ಒಂದು ಚಿಟಿಕೆ ಪುಡಿ ತೆಗೆದು ಮೂಸಿದಳು. ಬಹಳ ಹೊತ್ತು ಮೂಸಿದಳು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

"ಪೆರಿಕೋನ್ ಜಾಸ್ತಿಯಾಯ್ತು," ಎಂದಳು. ಕಾಳಿನ ಮೇಲೆ ಒಂದು ನುಸಿ ಮೆಲ್ಲಗೆ ಹತ್ತುತ್ತಿತ್ತು. ಅವಳು ಅದನ್ನು ಉಗುರಿನಿಂದ ಚಿಮ್ಮಿ ಕೋಳಿಗೆ ಹಾಕಿದಳು. "ಇರ್ಲಿ ಬಿಡು, ಒಂದಾದ್ರೂ ಸಾಕ್ಷಿ ಬೇಕಲ್ಲ ನಿನ್ನ ಕಚೇರಿಗೆ."

ಬುಟ್ಟಿಯನ್ನು ನನ್ನ ಕಡೆ ಚಾಚಿದಳು.

"ನೀನೇ ತುಂಬು. ಶಿಲುಬೆ ಕೊಟ್ಟವರಿಗೆಲ್ಲ ಒಂದೊಂದು ಹಿಡಿ ಬೇರೆ ತೆಗೆದಿಡು. ಮಸೆದೋನಿಯೊಗೆ ಎರಡು. ಈ ಬೀಜ ಒಂದೇ ಗುಡಾಣದಲ್ಲಿ ಇರೋದು ಸರಿಯಲ್ಲ, ಅದರ ಪಕ್ಕ ಇರೋ ಗಂಡಸು ಶುಚಿ ಮಾಡೋನಾದ್ರೆ."

ನಾನು ಕೈ ಮುಂದೆ ಮಾಡಿ ಮತ್ತೆ ಹಿಂದಕ್ಕೆಳೆದುಕೊಂಡೆ. ಅವಳು ಆ ಕೈಯನ್ನು ಹಿಡಿದು ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು, ಮಕ್ಕಳಿಗೆ ಜ್ವರ ಬಂದಾಗ ನೋಡುವ ಹಾಗೆ.

"ತಣ್ಣಗಿದೆ. ಹಾಕು ಕೈ."

ಈಗಷ್ಟೇ ಬಾವಿಯ ನೀರಲ್ಲಿ ತೊಳೆದಿದ್ದೆ, ಅದಕ್ಕೆ ತಣ್ಣಗಿತ್ತು. ಹಾಗೆಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಮೊಣಕೈವರೆಗೆ ಕೈ ಇಳಿಸಿದೆ. ಕಾಳುಗಳು ಜರುಗಿ ಜಾಗ ಬಿಟ್ಟವು.